ನಗರದ ಕೋಟೆಯಿಂದ ಸಮುದ್ರ ಕಾಣಲ್ಲ

ಹೋದ ತಿಂಗಳು ಹೊಸನಗರದ ಹತ್ರ ನಗರಕ್ಕೆ ಅತ್ತೆ ಮನೆಗೆ ಹೋಗಿದ್ದೆ, ಎರಡು ದಿನ ಅಂತ ಹೋದೋನು ಐದು ದಿನ ಉಳ್ಕೊಂಡೆ, ಯಾಕಂದ್ರೆ ಮಳೆ. ಮೂರನೇ ದಿನ ಮಧ್ಯಾಹ್ನ ಸ್ವಲ್ಪ ಹೊಳವಾಯ್ತು ಅಂತ ಬಾವನ ಮಗನ್ನ ಕರ್ಕೊಂಡು ಕೋಟೆಗೆ ಹೊರಟೆ. ಇನ್ನೂ ದೇವಗಂಗೆ ಕೊಳದ ಕಡೆ ಹೋಗಿರ್ಲಿಲ್ಲ, ಬಾಗಿಲಲ್ಲೇ ಕಾಲಿಗೆ ನಾಕು ಇಂಬಳ ಹತ್ತಿದ್ವು. ಅತ್ತೆ ಹೊರಡುವಾಗ ಉಪ್ಪಿನ ಪೊಟ್ಟಣ ಕೊಟ್ಟಿದ್ರು, ನಾನು "ಬೇಡ ಅತ್ತೆ ಇಲ್ಲೇ ತಾನೇ" ಅಂತ ಸ್ಟೈಲ್ ಮಾಡಿ ಬಿಟ್ಟು ಬಂದಿದ್ದೆ. ಅನುಭವಿಸಿದೆ.

ಕೋಟೆ ಮೇಲೆ ಹತ್ತಿ ನಿಂತಾಗ ಹುಡುಗ ಕೇಳಿದ, "ಚಿಕ್ಕಪ್ಪ, ಇಲ್ಲಿಂದ ಸಮುದ್ರ ಕಾಣುತ್ತಾ?" ಇಲ್ಲ ಮಾರಾಯ, ಕೊಡಚಾದ್ರಿ ತುದೀಲಿ ಮೋಡ ಇಲ್ದಿದ್ರೆ ಕಾಣುತ್ತೆ, ಇಲ್ಲಿ ಬರೀ ಕಾಡು ಮತ್ತೆ ಮಂಜು ಅಂದೆ. ಆದ್ರೆ ಆ ಪ್ರಶ್ನೆ ನನ್ನ ತಲೆಯಲ್ಲೇ ಕೂತ್ಬಿಡ್ತು. ಯಾಕಂದ್ರೆ ಆ ಐದು ದಿನ ಕರೆಂಟ್ ಇಲ್ದೆ ಫೋನಲ್ಲಿ ಡೌನ್‌ಲೋಡ್ ಮಾಡಿಟ್ಕೊಂಡಿದ್ದ ಒಂದಿಷ್ಟು ಓದ್ತಾ ಇದ್ದಿದ್ದೇ ಒಬ್ಬ ಸಮುದ್ರದ ಮನುಷ್ಯನ ಬಗ್ಗೆ, ಎಡ್ವರ್ಡ್ ಹ್ಯೂಸ್ ಅಂತ, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್. ನಮ್ಮಲ್ಲಿ ಯಾರಿಗೂ ಹೆಸರು ಗೊತ್ತಿಲ್ಲ, ನಂಗೂ ಗೊತ್ತಿರ್ಲಿಲ್ಲ. ಆದ್ರೆ 1763ರಲ್ಲಿ ಹೈದರ್ ಅಲಿ ಬಿದನೂರು, ಅಂದ್ರೆ ಇದೇ ನಗರ, ಹಿಡಿದು ಅದಕ್ಕೆ ಹೈದರ್‌ನಗರ ಅಂತ ಹೆಸರಿಟ್ಟಾಗ ಅವನಿಗೆ ಸಿಕ್ಕಿದ್ದು ಈ ಕೋಟೆ, ಈ ಖಜಾನೆ ಮಾತ್ರ ಅಲ್ಲ, ಘಟ್ಟದ ಕೆಳಗಿನ ಕರಾವಳಿ ಬಂದರುಗಳೂ ಸಿಕ್ಕಿದ್ವು, ಮಂಗಳೂರು ಹೊನ್ನಾವರ ಎಲ್ಲ. ಅಲ್ಲಿಂದ್ಲೇ ಅವನು ಹಡಗು ಕಟ್ಟಿಸೋಕೆ ಶುರು ಮಾಡಿದ್ದು. ಆ ಹಡಗುಗಳನ್ನ ಸುಟ್ಟೋನು ಈ ಹ್ಯೂಸ್.

ಮನುಷ್ಯನ ಕೆರಿಯರ್ ಹೇಗಿತ್ತು ಅಂದ್ರೆ, 1735ರಲ್ಲಿ ಹುಡುಗನಾಗಿ ನೌಕಾಪಡೆ ಸೇರ್ತಾನೆ. 1739ರಲ್ಲಿ ಅಡ್ಮಿರಲ್ ವರ್ನನ್ ಜೊತೆ ಅಮೆರಿಕಾ ಖಂಡದ ಪೋರ್ಟೊ ಬೆಲ್ಲೊ ಹಿಡಿಯೋವಾಗ ಅಲ್ಲಿದ್ದ, 1740ಕ್ಕೆ ಲೆಫ್ಟಿನೆಂಟ್, 1744ರಲ್ಲಿ ಫ್ರಾನ್ಸ್ ಹತ್ರದ ಟೂಲಾನ್ ಕದನ, 1748ಕ್ಕೆ ಕ್ಯಾಪ್ಟನ್. 1758ರಲ್ಲಿ ಕೆನಡಾದ ಲೂಯಿಬರ್ಗ್, ಮುಂದಿನ ವರ್ಷ ಕ್ವಿಬೆಕ್, ಸಾಮರ್ಸೆಟ್ ಅನ್ನೋ ಹಡಗಿನ ಕ್ಯಾಪ್ಟನ್ ಆಗಿ. ಎಲ್ಲ ಕಡೆ ಇದಾನೆ, ಎಲ್ಲೂ ಹೀರೋ ಅಲ್ಲ. ಆಫೀಸಲ್ಲಿ ಮೂವತ್ತು ವರ್ಷ ಸರ್ವೀಸ್ ಮಾಡಿ ಒಂದೂ ಮೆಮೊ ತಗೊಳ್ದೆ ಒಂದೂ ಅವಾರ್ಡೂ ತಗೊಳ್ದೆ ಮೇಲೆ ಬಂದಿರ್ತಾರಲ್ಲ ಕೆಲವ್ರು, ಆ ಥರ. 1773ರಲ್ಲಿ ಕಮೊಡೋರ್, ಅಂದ್ರೆ ಒಂದು ಹಡಗು ಗುಂಪಿನ ಮುಖ್ಯಸ್ಥ ಆಗಿ ಹಿಂದೂ ಮಹಾಸಾಗರಕ್ಕೆ ಬಂದ, ನಾಕು ವರ್ಷ ಇದ್ದು ವಾಪಸ್ ಹೋದ. ಆಮೇಲೆ 1779ರಲ್ಲಿ ಅಡ್ಮಿರಲ್ ಆಗಿ ಎರಡನೇ ಸಲ ಹೊರಟ, ದಾರೀಲಿ ಆಫ್ರಿಕಾ ಪಕ್ಕದ ಗೊರೆ ದ್ವೀಪ ಫ್ರೆಂಚರಿಂದ ಕಿತ್ಕೊಂಡು ಇಲ್ಲಿಗೆ ಬಂದ. ಆಗ ವಯಸ್ಸು ಅರವತ್ತರ ಹತ್ರ. ನಿಜವಾದ ಕಥೆ ಶುರು ಆಗೋದು ಅಲ್ಲಿಂದ, ರಿಟೈರ್ ಆಗೋ ವಯಸ್ಸಲ್ಲಿ.

1780ರಲ್ಲಿ ಹೈದರ್ ದೊಡ್ಡ ಸೈನ್ಯ ತಗೊಂಡು ಮದ್ರಾಸ್ ಕಡೆ ಇಳಿದಿದ್ದ, ಇಂಗ್ಲಿಷರಿಗೆ ಅಲ್ಲಿ ಉಸಿರು ಕಟ್ಟಿತ್ತು. ಅದೇ ವರ್ಷ ಡಿಸೆಂಬರಲ್ಲಿ ಹ್ಯೂಸ್ ಪಡುವಣ ಕರಾವಳಿ ಹಿಡಿದು ಬಂದು ಮಂಗಳೂರು, ಕಲ್ಲಿಕೋಟೆ ಎರಡು ಕಡೆ ಹೈದರನ ಹಡಗುಗಳ ಮೇಲೆ ಬಿದ್ದ. ಅವನ ದೊಡ್ಡ ಹಡಗುಗಳು ಮಂಗಳೂರು ಅಳಿವೆ ಬಾಯಿ ದಾಟಿ ಒಳಗೆ ಹೋಗೋ ಹಾಗಿಲ್ಲ, ನೀರು ಅಷ್ಟು ಆಳ ಇಲ್ಲ. ಅದಕ್ಕೆ ದೋಣಿಗಳಲ್ಲಿ ಜನರನ್ನ ತುಂಬಿ ಕಳಿಸಿದ, ಅವ್ರು ತೋಪಿನ ಗುಂಡಿನ ಮಧ್ಯೆ ಹೋಗಿ 28 ತೋಪಿಂದು ಒಂದು, 26 ತೋಪಿಂದು ಒಂದು, ಹೀಗೆ ಹೈದರನ ಎರಡು ದೊಡ್ಡ ಹಡಗು ಮುಗಿಸಿ ಬಂದ್ರು. ಸಣ್ಣ ಪುಟ್ಟವು ದಡಕ್ಕೆ ಓಡಿ ಮರಳಿಗೆ ಹೊಡ್ಕೊಂಡ್ವು.

ಇದನ್ನ ಓದುವಾಗ ನನಗೆ ಸ್ವಲ್ಪ ಸಂಕಟ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಕರಾವಳಿ ಹಡಗು ಅಂದ್ರೆ ಘಟ್ಟದ ಮರ. ನಮ್ಮ ತೇಗ ನೀರಲ್ಲಿ ಸುಲಭಕ್ಕೆ ಹುಳ ಹಿಡಿಯಲ್ಲ, ಬಿರುಕು ಬಿಡಲ್ಲ, ಇದು ಇಂಗ್ಲಿಷರಿಗೂ ಚೆನ್ನಾಗಿ ಗೊತ್ತಿತ್ತು, ಬಾಂಬೆಯಲ್ಲಿ ವಾಡಿಯಾ ಮನೆತನದೋರು ತೇಗದಲ್ಲಿ ಕಟ್ಟಿದ ಹಡಗುಗಳು ತಲೆಮಾರುಗಟ್ಲೆ ಓಡಾಡಿದ್ವು. ನಮ್ಮಜ್ಜನ ಮನೆ ಜಗುಲಿ ಕಂಬಾನೂ ಅದೇ ಮರ, ಇವತ್ತಿಗೂ ಮೊಳೆ ಹೊಡೆದ್ರೆ ಮೊಳೆ ಬಗ್ಗುತ್ತೆ. ಅಂಥ ಮರ ಗೊಂಡಾರಣ್ಯದಿಂದ ಇಳಿದು ಹೋಗಿ ಹಡಗಾಗಿ ಒಂದು ಮಧ್ಯಾಹ್ನದಲ್ಲಿ ಬೂದಿ.

ಈ ಒಂದು ದಿನದ ಕೆಲಸದ ಬೆಲೆ ಗೊತ್ತಾಗಿದ್ದು ಹದಿನಾಲ್ಕು ತಿಂಗಳು ಬಿಟ್ಟು. 1782ರ ಫೆಬ್ರವರೀಲಿ, ಇಂಗ್ಲಿಷರ ಜೊತೆ ಯುದ್ಧದಲ್ಲಿದ್ದ ಫ್ರೆಂಚರ ನೌಕಾಪಡೆ ತಗೊಂಡು ಸುಫ್ರೆನ್ ಬಂದ. ಇವನು ಬೆಂಕಿ. ಫ್ರಾನ್ಸ್‌ನವ್ರು ಇವತ್ತಿಗೂ ತಮ್ಮ ನೌಕಾ ಇತಿಹಾಸದ ದೊಡ್ಡ ಹೆಸರುಗಳಲ್ಲಿ ಒಂದು ಅಂತ ಲೆಕ್ಕ ಹಾಕ್ತಾರೆ. ಹೈದರಿಗೂ ಅವನಿಗೂ ದೋಸ್ತಿ, ಆ ವರ್ಷ ಜುಲೈನಲ್ಲಿ ಕಡಲೂರಿನ ಹತ್ರ ಭೇಟಿ ಆದ್ರು. ಆದ್ರೆ ಅವನ ಜೊತೆ ಸಮುದ್ರಕ್ಕಿಳಿಯೋಕೆ ಹೈದರ್ ಹತ್ರ ಹಡಗು ಎಲ್ಲಿದೆ? ಮಂಗಳೂರಲ್ಲೇ ಹೋಯ್ತಲ್ಲ.

ಹ್ಯೂಸ್ ಮತ್ತೆ ಸುಫ್ರೆನ್ ಐದು ಸಲ ಹೊಡೆದಾಡಿದ್ರು. 1782ರಲ್ಲೇ ನಾಕು: ಫೆಬ್ರವರಿ 17ಕ್ಕೆ ಮದ್ರಾಸಿನ ದಕ್ಷಿಣಕ್ಕಿರೋ ಸದ್ರಾಸ್ ಹತ್ರ, ಏಪ್ರಿಲ್ 12ಕ್ಕೆ ಸಿಲೋನ್ (ಈಗಿನ ಶ್ರೀಲಂಕಾ) ಪಕ್ಕ, ಜುಲೈ 6ಕ್ಕೆ ನಾಗಪಟ್ಟಣ, ಸೆಪ್ಟೆಂಬರ್ 3ಕ್ಕೆ ಸಿಲೋನಿನದೇ ಟ್ರಿಂಕೊಮಲೆ. ಐದನೇದು 1783ರ ಜೂನ್ 20, ಕಡಲೂರು. ಆಗಿನ ಹಡಗಲ್ಲಿ ತೋಪು ಇರೋದು ಎಡ ಬಲ ಪಕ್ಕದಲ್ಲಿ, ಮೂತಿ ಕಡೆ ಏನೂ ಇಲ್ಲ ಅನ್ನಬಹುದು, ಅದಕ್ಕೆ ಒಂದರ ಹಿಂದೆ ಒಂದು ಸಾಲು ಕಟ್ಟಿ ಹೋಗಬೇಕು, ಘಾಟಿಯಲ್ಲಿ ಮದುವೆ ದಿಬ್ಬಣದ ಜೀಪುಗಳು ಹೋಗ್ತಾವಲ್ಲ ಹಾಗೆ. ಎದುರಾಳಿದೂ ಅದೇ ಥರ ಸಾಲು. ಎರಡು ಸಾಲು ಪಕ್ಕ ಪಕ್ಕ ಬಂದು ಗಂಟೆಗಟ್ಲೆ ಹೊಡೀತಾ ಇರೋದು. ಗಾಳಿ ಬರೋ ಕಡೆ ಯಾರಿದಾರೋ ಅವ್ರದ್ದೇ ಆಟ, ಬೇಕಾದಾಗ ಮೇಲೆ ಬೀಳಬಹುದು, ಬೇಡ ಅಂದ್ರೆ ದೂರ ನಿಲ್ಲಬಹುದು. ನಾಗಪಟ್ಟಣದಲ್ಲಿ ಮಧ್ಯದಲ್ಲೇ ಗಾಳಿ ದಿಕ್ಕು ಬದಲಾಗಿ ಎರಡೂ ಸಾಲು ಕಲಸುಮೇಲೋಗರ ಆಗೋಯ್ತು.

ಏಪ್ರಿಲ್ 12ರದ್ದು ಭೀಕರ. ಮಾನ್‌ಮತ್ ಅನ್ನೋ ಹಡಗಿನ ಕೂವೆಕಂಬ ಮುರಿದು ಬಿದ್ವು, ಹ್ಯೂಸ್ ಇದ್ದ ಸೂಪರ್ಬ್ ಹಡಗೂ ಜರಡಿ. ಆ ಒಂದು ದಿನ ಇಂಗ್ಲಿಷರ ಕಡೆ ಸತ್ತೋರು 137, ಗಾಯ ಆದೋರು 430. ಆದ್ರೂ ಒಂದು ಹಡಗೂ ಕೈಬಿಟ್ಟು ಹೋಗ್ಲಿಲ್ಲ.

ಐದೂ ಕದನದಲ್ಲಿ ಯಾರೂ ಯಾರ ಹಡಗನ್ನೂ ಹಿಡೀಲಿಲ್ಲ. ಸ್ಕೋರ್ ಬೋರ್ಡ್ ನೋಡಿದ್ರೆ ಐದು ಟೆಸ್ಟ್, ಐದೂ ಡ್ರಾ. ಇಂಗ್ಲಿಷ್ ಇತಿಹಾಸಕಾರರೇ ಹ್ಯೂಸ್ ಬಗ್ಗೆ ಬರೆಯುವಾಗ ಸ್ವಲ್ಪ ಮೂಗು ಮುರೀತಾರೆ, ಧೈರ್ಯ ಇತ್ತು, ಹೊಸ ಬುದ್ಧಿ ಇರ್ಲಿಲ್ಲ ಅನ್ನೋ ಥರ, ಸುಫ್ರೆನ್ ಮಾತ್ರ ಜೀನಿಯಸ್. ನಾನು ಇದನ್ನ ಒಪ್ಪಲ್ಲ. ಸುಫ್ರೆನ್ ಮಾತನ್ನ ಅವನ ಕ್ಯಾಪ್ಟನ್‌ಗಳೇ ಕೇಳ್ತಿರ್ಲಿಲ್ಲ, ಕೆಲವರನ್ನ ಸಿಟ್ಟಲ್ಲಿ ಮನೆಗೆ ಕಳಿಸಿದ. ಹ್ಯೂಸ್ ಮೊದಲ ನಾಕು ಸಲದಲ್ಲಿ ಒಂದ್ಸಲಾನೂ ಹೆಚ್ಚು ಹಡಗು ಇಟ್ಕೊಂಡು ಹೋದೋನಲ್ಲ, ಸದ್ರಾಸಲ್ಲಂತೂ ಇವನದ್ದು ಒಂಬತ್ತೇ. ಅವನಿಗೆ ಗೆಲ್ಲೋದು ಬೇಕಾಗಿರ್ಲಿಲ್ಲ, ಮದ್ರಾಸ್ ಉಳೀಬೇಕಿತ್ತು, ಉಳೀತು. ಹಾಗಂತ ತಪ್ಪೇ ಮಾಡಿಲ್ಲ ಅಂತಲ್ಲ. 1782ರ ಜನವರೀಲಿ ತಾನೇ ಡಚ್ಚರಿಂದ ಹಿಡಿದಿದ್ದ ಟ್ರಿಂಕೊಮಲೆಯನ್ನ ಆಗಸ್ಟ್ ಕೊನೇಲಿ ಸುಫ್ರೆನ್ ಬಾಯಿಗೆ ಕೊಟ್ಟ, ತಲುಪೋದ್ರಲ್ಲಿ ತಡ ಮಾಡ್ದ. ಅದು ದುಬಾರಿ ಬಿತ್ತು.

ಮಳೆ ವಿಷಯಕ್ಕೆ ಬರ್ತೀನಿ, ಮಲೆನಾಡೋನಾಗಿ ಇದು ನಂಗೆ ತುಂಬಾ ಹಿಡಿಸಿದ ಭಾಗ. ಮೂಡಣ ಕರಾವಳಿಯಲ್ಲಿ ಅಕ್ಟೋಬರ್ ಬಂದ್ರೆ ಹಿಂಗಾರು ಬಿರುಗಾಳಿ, ಮದ್ರಾಸಲ್ಲಿ ಆಗ ಸರಿಯಾದ ಬಂದರೇ ಇಲ್ಲ, ಬರೀ ಬಯಲು ಸಮುದ್ರದಲ್ಲಿ ಲಂಗರು. ಹಡಗು ನೀರಿಂದ ಎತ್ತಿ ರಿಪೇರಿ ಮಾಡೋ ಡಾಕ್ ಇದ್ದಿದ್ದು ಬಾಂಬೆಯಲ್ಲಿ ಮಾತ್ರ. ಹ್ಯೂಸ್ ಹೊರಡ್ತೀನಿ ಅಂದ, ಮದ್ರಾಸ್ ಗವರ್ನರ್ ಮೆಕಾರ್ಟ್ನಿ ಹೋಗಬೇಡ ಅಂದ, ಇಬ್ರಿಗೂ ಮೊದಲೇ ಎಣ್ಣೆ ಸೀಗೇಕಾಯಿ. ಇವನು ಕೇಳ್ದೆ ಹೊರಟೇ ಬಿಟ್ಟ. ಅದೇ ಅಕ್ಟೋಬರಲ್ಲಿ ಮದ್ರಾಸಿಗೆ ಬಿರುಗಾಳಿ ಬಡಿದು ಅಕ್ಕಿ ತುಂಬಿದ್ದ ದೋಣಿಗಳು ಮುಳುಗಿದ್ವು, ಊರಲ್ಲಿ ಮೊದಲೇ ಬರ. ಆಕಾಶ ನೋಡಿ ಮಳೆ ಲೆಕ್ಕ ಹಾಕೋರ ಮಾತನ್ನ ಆಫೀಸಲ್ಲಿ ಕೂತೋರು ಕೇಳಲ್ಲ, ಇದು ಆಗಿಂದ್ಲೂ ಇದೆ ಅಂತಾಯ್ತು.

ಅವನು ಬಾಂಬೆಯಲ್ಲಿ ಹಡಗು ಸರಿ ಮಾಡಿಸ್ಕೊಳ್ತಿದ್ದ ಆ ಚಳಿಗಾಲದಲ್ಲೇ ಹೈದರ್ ತೀರ್ಕೊಂಡ, 1782ರ ಡಿಸೆಂಬರ್ 7. ಅದರ ಬೆನ್ನಿಗೆ ಬಾಂಬೆಯಿಂದ ಜನರಲ್ ಮ್ಯಾಥ್ಯೂಸ್ ಸಮುದ್ರದ ದಾರೀಲಿ ಬಂದು ಹೊನ್ನಾವರದ ಕಡೆ ಇಳಿದು, ಹೊಸಂಗಡಿ ಘಾಟಿ ಹತ್ತಿ, ಇದೇ ನಗರದ ಕೋಟೆ ತಗೊಂಡ. ಮೂರು ತಿಂಗಳು ಇಟ್ಕೊಂಡಿದ್ದಷ್ಟೇ, ಟಿಪ್ಪು ಬಂದು ಏಪ್ರಿಲ್ ಕೊನೆ ಹೊತ್ತಿಗೆ ವಾಪಸ್ ಕಿತ್ಕೊಂಡ. ನಾನು ಹುಡುಗನಿಗೆ ಕೋಟೆ ಮೇಲೆ ನಿಂತು ಹೇಳ್ತಿದ್ದಿದ್ದು ಇದನ್ನೇ, ಸಮುದ್ರ ಇಲ್ಲಿಗೆ ಕಾಣಲ್ಲ ಆದ್ರೆ ಆ ದಾರೀಲೇ ಹತ್ತಿ ಬಂದಿತ್ತು ಒಂದ್ಸಲ ಅಂತ. ಅವನು ಕಾಲು ಕೆರ್ಕೊಳ್ತಾ "ಆ ಬ್ರಿಟಿಷರಿಗೆ ಇಂಬಳ ಕಚ್ಚಿತ್ತಾ?" ಅಂದ. ಬೇಸಿಗೆ ಕಣೋ, ಬಚಾವಾದ್ರು ಅಂದೆ.

ಕಡಲೂರಿನ ಕೊನೇ ಕದನ ಓದಿದ್ರೆ ಹೊಟ್ಟೆ ಉರಿಯುತ್ತೆ. ಈ ಸಲ ಹ್ಯೂಸ್ ಹತ್ರ 18 ಹಡಗು, ಸುಫ್ರೆನ್ ಹತ್ರ 15. ಆದ್ರೆ ಹ್ಯೂಸ್ ಜನ ಸ್ಕರ್ವಿ ಬಂದು ಮಲಗಿದ್ರು, ನೂರಾರು ಜನ, ವಸಡು ಊದಿ ರಕ್ತ ಬರೋದು, ಹಳೇ ಗಾಯ ಮತ್ತೆ ಬಾಯಿ ಬಿಡೋದು, ಹಗ್ಗ ಎಳೆಯೋಕೂ ಶಕ್ತಿ ಇಲ್ಲ, ಕುಡಿಯೋ ನೀರೂ ಕಮ್ಮಿ. ನಿಂಬೆ ಕಿತ್ತಳೆ ತಿಂದ್ರೆ ವಾಸಿ ಆಗುತ್ತೆ ಅಂತ ಜೇಮ್ಸ್ ಲಿಂಡ್ ಅನ್ನೋ ಡಾಕ್ಟರ್ 1747ರಲ್ಲೇ ಹಡಗಲ್ಲಿ ಪ್ರಯೋಗ ಮಾಡಿ ತೋರಿಸಿದ್ದ! ನೌಕಾಪಡೆ ಅದನ್ನ ಎಲ್ರಿಗೂ ಕೊಡೋಕೆ ಒಪ್ಪಿದ್ದು 1795ರಲ್ಲಿ. ಅದಕ್ಕೆ ಹಿಂದಿನ ವರ್ಷ ಸಫೊಕ್ ಅನ್ನೋ ಹಡಗಲ್ಲಿ ನಿಂಬೆ ರಸ ಕೊಟ್ಕೊಂಡು ಮದ್ರಾಸಿಗೇ ಬಂದ್ರು, 23 ವಾರ, ಯಾರೂ ದೊಡ್ಡದಾಗಿ ಕಾಯಿಲೆ ಬೀಳ್ಲಿಲ್ಲ. ಅತ್ತೆಗೆ ಇದನ್ನ ಹೇಳಿದ್ರೆ "ಊಟಕ್ಕೆ ಒಂದು ಹೋಳು ನಿಂಬೆಹಣ್ಣೂ ಇಲ್ದೆ ಸಮುದ್ರಕ್ಕೆ ಹೋಗ್ತಾರಾ ಮಂಕು ಮುಂಡೇವು" ಅಂದ್ರು ಅಷ್ಟೇ, ಪಡವಲಕಾಯಿ ಹೆಚ್ಚೋದು ನಿಲ್ಲಿಸ್ಲಿಲ್ಲ.

ಇನ್ನೊಂದು ವಿಷಯ, ಕಡಲೂರಲ್ಲಿ ಹೊಡೆದಾಡಿದಾಗ ಯುದ್ಧ ಮುಗಿದೇ ಹೋಗಿತ್ತು. ಯುರೋಪಲ್ಲಿ 1783ರ ಜನವರಿ 20ಕ್ಕೇ ಇಂಗ್ಲೆಂಡ್ ಫ್ರಾನ್ಸ್ ರಾಜಿ ಸಹಿ ಮಾಡಿದ್ವು. ಸುದ್ದಿ ಇಲ್ಲಿಗೆ ಮುಟ್ಟಿದ್ದು ಜೂನ್ ಕೊನೇಲಿ. ಅಷ್ಟರಲ್ಲಿ ಸಾಯೋರು ಸತ್ತಾಗಿತ್ತು.

ಆಮೇಲೆ ಸುಫ್ರೆನ್ ಊರಿಗೆ ಹೋಗ್ತಾ ಕೇಪ್ ಟೌನಲ್ಲಿ ನಿಂತಾಗ ಅವನ ಎದುರು ಹೊಡೆದಾಡಿದ್ದ ಇಂಗ್ಲಿಷ್ ಕ್ಯಾಪ್ಟನ್‌ಗಳೇ ಹೋಗಿ ಮರ್ಯಾದೆ ಮಾಡಿ ಬಂದ್ರಂತೆ. ಹ್ಯೂಸಿಗೆ ಹಾಗೇನೂ ಇಲ್ಲ. ಅವನ ಸೂಪರ್ಬ್ ಹಡಗು ಐದು ಕದನ ಉಳ್ಕೊಂಡು ಕೊನೆಗೆ 1783ರ ನವೆಂಬರಲ್ಲಿ ತಲಚೇರಿ ಮುಂದೆ ಒಡೆದು ಹೋಯ್ತು, ಯಾರೂ ಹೊಡೀಲಿಲ್ಲ, ಸಮುದ್ರ ಹೊಡೀತು. ಅವನು 1785ಕ್ಕೆ ಇಂಗ್ಲೆಂಡಿಗೆ ಹೋದ, ಮತ್ತೆ ಹಡಗು ಹತ್ತಲಿಲ್ಲ. ಜೋಶುವಾ ರೆನಾಲ್ಡ್ಸ್ ಬರೆದ ಚಿತ್ರ ಇದೆ, ನೋಡಿ, ದುಂಡು ಮುಖ, ಕೋಟಿನ ಗುಂಡಿ ಕಿತ್ಕೊಂಡು ಬರೋ ಹೊಟ್ಟೆ, ನಮ್ಮ ಅಡಿಕೆ ಮಂಡಿ ಸಾಹುಕಾರರ ಥರಾನೇ. ದುಡ್ಡು ಮಾತ್ರ ಇಲ್ಲಿಂದ ಭರ್ಜರಿ ಹೊಡ್ಕೊಂಡು ಹೋಗಿದ್ದ. 1794ರಲ್ಲಿ ಸತ್ತ. ಸ್ವಂತ ಮಕ್ಕಳಿಲ್ಲ, ಆಸ್ತಿ ಹೆಂಡತಿಯ ಮೊದಲ ಮದುವೆ ಕಡೆಯ ಮೊಮ್ಮಗನಿಗೆ ಹೋಯ್ತು, ಅವನನ್ನ ಲಂಡನಲ್ಲಿ ಗೋಲ್ಡನ್ ಬಾಲ್ ಅಂತ ಕರೀತಿದ್ರು, ಜೂಜು ಬಟ್ಟೆ ಶೋಕಿ, ಕೊನೆಗೆ ಸಾಲಗಾರರ ಕಾಟ ತಡೀಲಾರ್ದೆ ಓಡಿಹೋಗಿ ಸೇರಿದ್ದು ಎಲ್ಲಿಗೆ ಗೊತ್ತಾ, ಫ್ರಾನ್ಸಿಗೆ.

ಇದನ್ನ ಬಾವನಿಗೆ ಹೇಳಿದ್ದಕ್ಕೆ ಅರ್ಧ ಗಂಟೆ ನಕ್ಕ. ಐದನೇ ದಿನ ಮಳೆ ಬಿಡ್ತು, ಹುಲಿಕಲ್ ಕಡೆ ಮರ ಬಿದ್ದು ರಸ್ತೆ ಬಂದ್ ಅಂತ ಸುದ್ದಿ ಇತ್ತು, ನಾನು ಶಿವಮೊಗ್ಗ ಬಸ್ ಹತ್ತಿದೆ. ಬ್ಯಾಗಲ್ಲಿ ನೋಡಿದ್ರೆ ಅತ್ತೆ ಒಂದು ಬಾಟ್ಲಿ ನಿಂಬೆಕಾಯಿ ಉಪ್ಪಿನಕಾಯಿ ಇಟ್ಟಿದ್ರು, ಪಕ್ಕದಲ್ಲಿ ಆ ಉಪ್ಪಿನ ಪೊಟ್ಟಣಾನೂ.