ಒಂದೇ ಕೇಬಲ್‌ನಿಂದ ಮೂರು ಟಿವಿಗೆ ಕೊಡಬಹುದಾ?

ನನಗೆ ಟಿವಿ ವೈರಿಂಗ್ ಸ್ವಲ್ಪ ಗೊತ್ತು ಅಂತ ತಿಳಿದವರೆಲ್ಲ ಕೇಳುವುದು ಇದನ್ನೇ: "ಮನೆಗೆ ಬರೋದು ಒಂದೇ ಕೇಬಲ್, ಅದನ್ನೇ ಮೂರು ಟಿವಿಗೆ ಹಂಚಿದರೆ ಆಗಲ್ವಾ?" ನಾನು ತಿರುಗಿ ಕೇಳುವುದೂ ಒಂದೇ. ಕೇಬಲ್ ಎಲ್ಲಿಂದ ಬರ್ತಿದೆ?

ಮಾಮೂಲಿ ಆಂಟೆನಾದಿಂದ ಬರುತ್ತಿದ್ದರೆ ಧಾರಾಳವಾಗಿ ಹಂಚಬಹುದು. ಕೇಬಲ್ ಕಂಪನಿಯದಾದರೂ ಸರಿ, ಪ್ರತಿ ಟಿವಿಗೆ ಅದರದೇ ಬಾಕ್ಸ್ ಬೇಕಾಗಬಹುದು ಅಷ್ಟೆ. ಎಲ್ಲ ಚಾನೆಲ್‌ಗಳೂ ಒಟ್ಟಿಗೇ ಆ ತಂತಿಯಲ್ಲಿ ಬರುತ್ತಿರುತ್ತವೆ, ಬೇಕಾದ್ದನ್ನು ಟಿವಿಯೋ ಬಾಕ್ಸೋ ಆರಿಸಿಕೊಳ್ಳುತ್ತದೆ. ಆದರೆ ದಯವಿಟ್ಟು ಸ್ಪ್ಲಿಟರ್ ಹಾಕಿ, ಅಂದರೆ ಒಂದು ಕೇಬಲ್‌ನ ಸಿಗ್ನಲ್ಲನ್ನು ಹಲವಕ್ಕೆ ಹಂಚುವ ಪುಟ್ಟ ಡಬ್ಬಿ. ತಂತಿ ಸುಲಿದು, ಹೊಸೆದು, ಟೇಪ್ ಸುತ್ತಬೇಡಿ. ಇದು 75 ಓಮ್ ಲೆಕ್ಕದ ಕೇಬಲ್ (ಓಮ್ ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆಯ ಅಳತೆ), ಹೊಸೆದ ಜಾಗದಲ್ಲಿ ಆ ಲೆಕ್ಕ ತಪ್ಪಿ ಸಿಗ್ನಲ್‌ನ ಒಂದಷ್ಟು ಭಾಗ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಸ್ಪ್ಲಿಟರ್ ಹೊಸ ಸಿಗ್ನಲ್ ಏನೂ ಹುಟ್ಟಿಸುವುದಿಲ್ಲ, ಇರುವುದನ್ನೇ ಪಾಲು ಮಾಡುತ್ತದೆ. ಎರಡು ಪಾಲು ಮಾಡಿದರೆ ಲೆಕ್ಕದಲ್ಲಿ 3 ಡೆಸಿಬಲ್ ಕಮ್ಮಿಯಾಗಬೇಕು (ಡೆಸಿಬಲ್ ಸಿಗ್ನಲ್ ಬಲದ ಅಳತೆ, 3 ಇಳಿದರೆ ಬಲ ಅರ್ಧ), ಡಬ್ಬಿ ತಾನು ತಿನ್ನುವುದೂ ಸೇರಿ ಸುಮಾರು 3.5 ಆಗುತ್ತದೆ. ನಾಲ್ಕಾದರೆ 7, ಎಂಟಾದರೆ 11ರ ಹತ್ತಿರ. ಮೂರು ಔಟ್‌ಪುಟ್‌ನದರಲ್ಲಿ ಒಂದು ಮಜಾ ಇದೆ: ಎಷ್ಟೋ ಸಲ ಒಂದಕ್ಕೆ 3.5, ಉಳಿದೆರಡಕ್ಕೆ 7 ಅಂತ ಬರೆದಿರುತ್ತದೆ, ಯಾಕೆಂದರೆ ಒಳಗೆ ಎರಡು ಪಾಲಿನವನ್ನೇ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಆ 3.5ರದ್ದನ್ನು ದೂರದ ಕೋಣೆಗೆ ಕೊಡಿ. ಮುಂದೆ ಬೇಕಾಗಬಹುದು ಅಂತ ಎಂಟರದ್ದು ತಂದು ಮೂರೇ ಬಳಸಿದರೆ ಸುಮ್ನೆ ನಷ್ಟ, ಖಾಲಿ ಔಟ್‌ಪುಟ್‌ನ ಪಾಲು ಪಕ್ಕದವರಿಗೆ ಸಿಗುವುದಿಲ್ಲ. ಖಾಲಿ ಇರುವುದಕ್ಕೆ 75 ಓಮ್ ಟರ್ಮಿನೇಟರ್ ಅನ್ನುವ ಪುಟ್ಟ ಮುಚ್ಚಳ ಹಾಕಿದರೆ ಒಳ್ಳೆಯದು.

"ನಿನ್ನೆವರೆಗೂ ಚೆನ್ನಾಗಿತ್ತು, ಇನ್ನೊಂದು ಟಿವಿ ಸೇರಿಸಿದ ಕೂಡಲೇ ಎರಡೂ ನಿಂತವು" ಅನ್ನುವವರಿದ್ದಾರೆ. ಡಿಜಿಟಲ್ ಸಿಗ್ನಲ್ ಹಾಗೇ ಅಲ್ವಾ, ಒಂದು ಮಟ್ಟದವರೆಗೆ ಚಿತ್ರ ಸ್ವಲ್ಪವೂ ಮಸುಕಾಗದು, ಅದಕ್ಕಿಂತ ಕೆಳಗಿಳಿದರೆ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಆಗ ಸಿಗ್ನಲ್ ಜೋರು ಮಾಡುವ ಬೂಸ್ಟರ್ ಹಾಕಬಹುದು, ಆದರೆ ಸ್ಪ್ಲಿಟರ್‌ಗೆ ಮೊದಲು, ಆಂಟೆನಾಗೆ ಆದಷ್ಟು ಹತ್ತಿರ. ಟಿವಿ ಹಿಂದೆ ಹಾಕಿದರೆ ಸಿಗ್ನಲ್ ಜೊತೆ ಗದ್ದಲವನ್ನೂ ಜಾಸ್ತಿ ಮಾಡಿ ಕೊಡುತ್ತದೆ.

ಡಿಶ್ ಆದರೆ ಕಥೆಯೇ ಬೇರೆ. ಅಲ್ಲಿ ಬಾಕ್ಸ್ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ, ಅದೇ ಕೇಬಲ್‌ನಲ್ಲಿ ಮೇಲಕ್ಕೆ 13 ಅಥವಾ 18 ವೋಲ್ಟ್ ಕಳಿಸಿ ತನಗೆ ಯಾವ ಗುಂಪಿನ ಚಾನೆಲ್‌ಗಳು ಬೇಕು ಅಂತ ಎಲ್‌ಎನ್‌ಬಿಗೆ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಡಬ್ಬಿಗೆ) ಹೇಳುತ್ತದೆ. ಮಾಮೂಲಿ ಎಲ್‌ಎನ್‌ಬಿ ಒಂದು ಸಲಕ್ಕೆ ಒಬ್ಬರ ಮಾತನ್ನಷ್ಟೇ ಕೇಳಬಲ್ಲದು. ಒಂದು ಬಾಕ್ಸ್ 13 ಅಂದು ಇನ್ನೊಂದು 18 ಅಂದರೆ ಒಂದರಲ್ಲಿ ಚಾನೆಲ್ ಬರುವುದೇ ನಿಲ್ಲುತ್ತದೆ. ಜೊತೆಗೆ ಡಿಶ್ ಕೇಬಲ್‌ನಲ್ಲಿ ಬರುವುದು 950ರಿಂದ 2150 ಮೆಗಾಹರ್ಟ್ಸ್, ಸಾಮಾನ್ಯ ಸ್ಪ್ಲಿಟರ್ 1000ದ ಆಸುಪಾಸಿಗೇ ಮುಗಿಯುತ್ತದೆ. ಎರಡು ಟಿವಿಗಾದರೆ ಎರಡು ಔಟ್‌ಪುಟ್‌ನ ಎಲ್‌ಎನ್‌ಬಿ ಹಾಕಿಸಿ ಎರಡು ಕೇಬಲ್ ಎಳೆಸಿ. ಜಾಸ್ತಿ ಟಿವಿ ಇದ್ದರೆ ಮಲ್ಟಿಸ್ವಿಚ್, ಅಂದರೆ ಪ್ರತಿ ಬಾಕ್ಸ್‌ನ ಮಾತನ್ನೂ ಬೇರೆ ಬೇರೆಯಾಗಿ ಕೇಳಿ ಅದಕ್ಕೆ ಬೇಕಾದ್ದನ್ನು ಕೊಡುವ ಡಬ್ಬಿ.

ಇನ್ನು, ಒಂದೇ ಟಿವಿ ಕಾಟ ಕೊಡುತ್ತಿದ್ದರೆ ಸ್ಪ್ಲಿಟರ್‌ನ್ನು ಬೈಯುವ ಮೊದಲು ಅದನ್ನು ಬಿಚ್ಚಿ ಕೇಬಲ್ ನೇರ ಕೊಟ್ಟು ನೋಡಿ. ಆಗಲೂ ಹಾಗೇ ಇದ್ದರೆ ಕನೆಕ್ಟರ್ ತೆಗೆದು ನೋಡಿ, ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿಕೊಂಡಿರಬಹುದು.