ಕೈ ಅಲುಗಿಸಿದರೆ ತೆರೆದುಕೊಳ್ಳಬೇಕು

‘ಸ್ಟಾರ್ ಟ್ರೆಕ್’ ಧಾರಾವಾಹಿ ನೋಡಿದವರಿಗೆ ಅದರಲ್ಲಿ ಬರುವ ಕಮ್ಯುನಿಕೇಟರ್, ಅಂದರೆ ದೂರದಲ್ಲಿರುವವರ ಜೊತೆ ಮಾತಾಡುವ ಅಂಗೈಯಗಲದ ಸಾಧನ, ತೆರೆಯುವ ರೀತಿ ಮರೆಯೋದಿಲ್ಲ. ಕ್ಯಾಪ್ಟನ್ ಕರ್ಕ್ ಸುಮ್ನೆ ಕೈ ಅಲುಗಿಸುತ್ತಾನೆ, ಚಿನ್ನದ ಬಣ್ಣದ ಜಾಲರಿ ಟಪ್ಪನೆ ಮೇಲೇಳುತ್ತದೆ. 1966ರಿಂದ 1969ರವರೆಗೆ ಬಂದ ಆ ಮೊದಲ ಸರಣಿಯ ಕಮ್ಯುನಿಕೇಟರನ್ನು ಕೈಯಾರೆ ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಮರದ ಅಚ್ಚು ಕೆತ್ತಿ ಇಟ್ಟಿದ್ದೆ. ಕಳೆದ ಭಾನುವಾರ ಪೂರ್ತಿ ಅದಕ್ಕೇ ಮೀಸಲು.

ಮೂಲದ ಕಮ್ಯುನಿಕೇಟರ್ ಮಾಡಿದವರು ವಾ ಚಾಂಗ್. ಕೈಡೆಕ್ಸ್ ಅನ್ನೋ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಕಿ, ಒಳಗಿನ ಗಾಳಿ ಎಳೆದು ಅದರ ಕಪ್ಪು ಹೊರಮೈ ತಯಾರಿಸಿದ್ದರು. ಇಷ್ಟು ಮಾಡಿದ ಮನುಷ್ಯನ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ನೆನೆಸಿಕೊಂಡಾಗೆಲ್ಲ ನನಗೆ ಬೇಸರವಾಗುತ್ತದೆ. ಹಾಗಾಗಿ ಆದಷ್ಟು ಅವರ ದಾರಿಯಲ್ಲೇ ಹೋಗೋಣ ಅಂತ ಹೊರಟೆ.

ನನ್ನ ಹತ್ತಿರ ಇದ್ದದ್ದು ಎಬಿಎಸ್ ಅನ್ನೋ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹಾಳೆ. ಮೇಲ್ಗಡೆ ತೂತು ಕೊರೆದ ಮರದ ಪೆಟ್ಟಿಗೆ, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಪೈಪು. ಯಂತ್ರ ಅಂದರೆ ಅಷ್ಟೇ. ಅಚ್ಚಿನ ಬದಿಗಳು ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಅದನ್ನು ಕಚ್ಚಿಕೊಂಡು ಬಿಡೋದೇ ಇಲ್ಲ. ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಅಡುಗೆಗೆ ಬಳಸದ ಹಳೆಯ ಓವನ್‌ನಲ್ಲಿಟ್ಟೆ. ಕಿಟಕಿಗಳನ್ನೆಲ್ಲ ತೆರೆದಿದ್ದೆ, ಆ ವಾಸನೆ ಒಳ್ಳೆಯದಲ್ಲ. ಸುಮಾರು 150 ಡಿಗ್ರಿ ದಾಟಿದ ಮೇಲೆ ಹಾಳೆ ನಡುವೆ ಜೋತು ಬೀಳತೊಡಗಿತು.

‘ಅಣ್ಣ, ಸ್ವಿಚ್ ಹಾಕ್ಲಾ?’ ಅಂದ ತಮ್ಮ.

‘ತಾಳೋ, ಇನ್ನೂ ಸ್ವಲ್ಪ ಇಳೀಲಿ.’

ಇಳಿಯಿತು. ಎತ್ತಿ ತಂದು ಅಚ್ಚಿನ ಮೇಲೆ ಒತ್ತಿದೆ, ಅವನು ಸ್ವಿಚ್ ಹಾಕಿದ. ಕ್ಲೀನರಿನ ಸದ್ದು ಒಮ್ಮೆಲೇ ಬಿಗಿಯಾಯಿತು. ಕಣ್ಣೆದುರೇ ಕಮ್ಯುನಿಕೇಟರಿನ ಅಂಚು, ದುಂಡು ಮೂಲೆ, ಎಲ್ಲ ಮೂಡಿಬಂತು. ಇಬ್ಬರೂ ಒಟ್ಟಿಗೆ ಕೂಗಿಕೊಂಡೆವು!

ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಅದರೊಳಗಿನ ಬಿಲ್ಲೆ. ಹತ್ತಿರದ ದೃಶ್ಯಗಳಿಗೆ ಬಳಸುತ್ತಿದ್ದ ಕಮ್ಯುನಿಕೇಟರಿನಲ್ಲಿ ಸ್ಟಾಪ್‌ವಾಚಿನ ಯಂತ್ರ ಒಂದು ಬಿಲ್ಲೆಯನ್ನು ತಿರುಗಿಸುತ್ತಿತ್ತು. ಈಗ ಪುಟ್ಟ ಮೋಟಾರ್ ಹಾಕಿದರೆ ಕೆಲಸ ಸುಲಭ. ನನಗೆ ಮನಸ್ಸಾಗಲಿಲ್ಲ. ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚ್ ಬಿಚ್ಚಿ, ಸೆಕೆಂಡಿನ ಮುಳ್ಳಿನ ಜಾಗದಲ್ಲಿ ಬಿಲ್ಲೆ ಕೂರಿಸಿದೆ. ಬಿಲ್ಲೆಯ ಮೇಲೆ ನಡುವಿನಿಂದ ಅಂಚಿಗೆ ಹರಡಿದ ಸಣ್ಣ ಸಣ್ಣ ಗೆರೆಗಳು. ಅದರ ಮೇಲೆ ಅಂಥದೇ ಗೆರೆಗಳಿರುವ ಪಾರದರ್ಶಕ ಹಾಳೆ, ಅದು ಅಲುಗೋದಿಲ್ಲ. ಎರಡರ ನಡುಬಿಂದು ಕೂದಲೆಳೆಯಷ್ಟು ಆಚೀಚೆ ಇರಬೇಕು. ಆಗ ಗೆರೆಗಳು ಒಂದರ ಮೇಲೊಂದು ಬಿದ್ದು, ಯಾರೂ ಬರೆಯದ ಬಳುಕುವ ಪಟ್ಟೆಗಳು ಕಾಣುತ್ತವೆ. ಇದಕ್ಕೆ ಮುವಾರೆ ಅಂತಾರೆ.

ಗುಂಡಿ ಒತ್ತಿದೆ. ನಾನು ಬಿಚ್ಚಿದ ಸ್ಟಾಪ್‌ವಾಚಿನ ಮುಳ್ಳಿಗೆ ನಿಮಿಷಕ್ಕೆ ಒಂದೇ ಸುತ್ತು. ಬಿಲ್ಲೆ ತಿರುಗುವುದು ಕಣ್ಣಿಗೆ ಹೆಚ್ಚುಕಡಿಮೆ ಗೊತ್ತೇ ಆಗೋದಿಲ್ಲ, ಅದರ ಮೇಲಿನ ಪಟ್ಟೆಗಳು ಮಾತ್ರ ಓಡುತ್ತವೆ. ಯಾಕೆ ಅಂದರೆ, ಬಿಲ್ಲೆ ಒಂದೇ ಒಂದು ಗೆರೆಯಷ್ಟು ಜರುಗಿದರೂ ಒಂದು ಪಟ್ಟೆ ಪಕ್ಕದ ಪಟ್ಟೆಯ ಜಾಗಕ್ಕೆ ಬಂದುಬಿಡುತ್ತದೆ. ಬ್ಯಾಟರಿ ಇಲ್ಲ, ದೀಪ ಇಲ್ಲ, ಆದರೂ ಒಳಗೆ ಏನೋ ಜೀವಂತವಾಗಿದೆ ಅನಿಸುತ್ತದೆ. ಆ ಕಾಲದ ಟೀವಿಗೆ ಇದನ್ನು ಯೋಚಿಸಿದ ತಲೆ ಎಂಥದ್ದು ಅಲ್ವಾ!

ಜಾಲರಿಗೆ ತೂತಿನ ಹಿತ್ತಾಳೆ ತಗಡೇ ಬೇಕು. ಪ್ಲಾಸ್ಟಿಕ್‌ಗೆ ಚಿನ್ನದ ಬಣ್ಣ ಬಳಿದರೆ ನೋಡೋಕೆ ಚೆನ್ನಾಗಿರುತ್ತದೆ, ಕೈ ಬೀಸಿದಾಗ ಏಳುವಷ್ಟು ತೂಕ ಇರೋದಿಲ್ಲ. ಕೀಲು ಬಿಗಿಯಾದರೆ ತೆರೆಯೋದಿಲ್ಲ, ಸಡಿಲವಾದರೆ ತೆರೆದು ಮತ್ತೆ ಬೀಳುತ್ತದೆ. ಸಂಜೆಯೆಲ್ಲ ಸ್ಕ್ರೂ ಅಷ್ಟಿಷ್ಟೇ ತಿರುಗಿಸುತ್ತಾ, ಕೈ ಬೀಸುತ್ತಾ ಕೂತಿದ್ದೆ. ಕತ್ತಲಾಗುವ ಹೊತ್ತಿಗೆ ಟಪ್ಪನೆ ಎದ್ದು ನಿಂತಿತು.

ತಮ್ಮ ಕಸಿದುಕೊಂಡವನು ವಾಪಸ್ ಕೊಡಲೇ ಇಲ್ಲ. ಅವನಿಗೂ ಒಂದು ಬೇಕಂತೆ. ಅಚ್ಚು ಇದೆ, ಹಾಳೆ ಉಳಿದಿದೆ. ಇನ್ನೊಂದು ಸ್ಟಾಪ್‌ವಾಚ್ ಹುಡುಕಬೇಕು.