ಮಳೆ ಸರಿ, ಮೊಣಕಾಲು?

16 ಜುಲೈ 2025, ಬುಧವಾರ ರಾತ್ರಿ

ಅಕ್ಕ ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆಗೆ ಸಂಜೆಯಿಡೀ ಹಾಳಾಯಿತು.

ಬೆಳಿಗ್ಗೆ ಎಂದಿನಂತೆ ಝೆನ್ ಬೌದ್ಧರ ಧ್ಯಾನಕ್ಕೆ ಗೋಡೆಗೆ ಮುಖ ಮಾಡಿ ಕುಳಿತಿದ್ದೆ. ಅರೆತೆರೆದ ಕಣ್ಣು, ಬಲಗೈಯ ಮೇಲೆ ಎಡಗೈ, ಹೆಬ್ಬೆರಳುಗಳ ತುದಿ ತಾಗಿಯೂ ತಾಗದಂತೆ. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು. ತಪ್ಪಿದರೆ ಮತ್ತೆ ಒಂದಕ್ಕೇ ಬರಬೇಕು. ನನ್ನ ಎಣಿಕೆ ನಾಲ್ಕು ದಾಟುವಷ್ಟರಲ್ಲಿ ತಲೆಯೊಳಗೆ ಕಚೇರಿಯ ಜಗಳ ಶುರುವಾಗಿರುತ್ತದೆ. ಇವತ್ತೂ ಶುರುವಾಗಿತ್ತು. ಅಷ್ಟರಲ್ಲಿ ಮಳೆ ಜೋರಾಯಿತು.

ಆಮೇಲಿನದನ್ನು ಹೇಗೆ ಬರೆಯಲಿ? ಸದ್ದಿತ್ತು, ಅದನ್ನು ಕೇಳುತ್ತಿದ್ದ ನಾನು ಇರಲಿಲ್ಲ. ಮಳೆ ಹೊರಗೆ, ಕಿವಿ ಇಲ್ಲಿ ಎಂಬ ಗಡಿಯೇ ಇರಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ‘ಓ, ಎರಡಿಲ್ಲ ಎನ್ನುವುದು ಇದೇ!’ ಎಂದುಕೊಂಡೆ ನೋಡಿ, ತಕ್ಷಣ ನಾನು ಹಾಜರು. ಮಳೆ ಕಿಟಕಿಯಾಚೆಗೆ ಹೊರಟುಹೋಯಿತು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. “ಮೊಣಕಾಲು ನೋಯುತ್ತಿರಲಿಲ್ಲವೇನೋ?”

“ನೋಯುತ್ತಿತ್ತು.”

“ಅದೂ ನೀನೂ ಒಂದಾದಿರಾ, ಇಲ್ಲ ಮಳೆಗೆ ಮಾತ್ರವೇ ಆ ಭಾಗ್ಯವಾ?”

ನಾನು ಸುಮ್ಮನಿದ್ದೆ. “ಬಂದದ್ದು ಹೋಯಿತಲ್ಲ, ನಾಳೆ ಮತ್ತೆ ಒಂದರಿಂದ ಎಣಿಸು” ಎಂದು ಫೋನಿಟ್ಟಳು. ಒಂದು ಭೇಷ್ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಆದರೂ ಪ್ರಶ್ನೆ ಬಿಡುತ್ತಿಲ್ಲ. ಇಂಪಾದದ್ದು ಬಂದಾಗ ಗಡಿ ತೆಗೆಯುತ್ತೇನೆ, ನೋವು ಬಂದಾಗ ಬೇಲಿ ಕಟ್ಟುತ್ತೇನೆ. ಜಪಾನಿನ ಝೆನ್ ಗುರು ಡೋಗೆನ್ 1233ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ‘ನಾನು’ ಮುಂದೆ ಹೋಗಿ ವಸ್ತುಗಳನ್ನು ಅರಿಯುವುದು ಭ್ರಮೆ, ವಸ್ತುಗಳೇ ಬಂದು ‘ನಾನು’ವನ್ನು ಅರಿಯುವುದು ಎಚ್ಚರ. ಬರುವ ವಸ್ತುಗಳಲ್ಲಿ ಮೊಣಕಾಲಿನ ನೋವೂ ಸೇರಿದೆ ಎಂದು ನಾನು ಓದಿಕೊಂಡಿರಲಿಲ್ಲ, ಅಷ್ಟೇ.

ಎರಡಿಲ್ಲ ಎಂದೊಡನೆ ನಮಗೆ ಶಂಕರರು ನೆನಪಾಗುತ್ತಾರೆ. ಅಲ್ಲಿ ಕೊನೆಗೆ ಬ್ರಹ್ಮವಾದರೂ ಉಳಿಯುತ್ತದೆ. ಝೆನ್ ಎರಡಿಲ್ಲ ಎನ್ನುತ್ತದೆ, ಉಳಿದದ್ದು ಇಂಥದ್ದೆಂದು ಹೇಳದೆ ಎದ್ದು ಹೋಗುತ್ತದೆ. ಹಿಡಿದುಕೊಳ್ಳಲು ಒಂದು ಗೂಟವನ್ನೂ ಕೊಡದ ಈ ಜಿಪುಣತನ ನನಗೆ ಇಷ್ಟ. ಕೆಲವು ರಾತ್ರಿ ಇಷ್ಟವಿಲ್ಲ.

ನಿದ್ದೆ ಬರುತ್ತಿಲ್ಲ. ನಾಳೆ ಹತ್ತೂವರೆಗೆ ಸಭೆ. ನನ್ನ ಮಾತನ್ನು ಸದಾ ಅರ್ಧಕ್ಕೇ ತುಂಡರಿಸುವ ಆ ಮಹಾಶಯ ಎದುರಿಗೇ ಕೂರುತ್ತಾನೆ. ಅವನೂ ನಾನೂ ಎರಡಲ್ಲ ಎಂದು ಕಾಲು ಮಡಚಿ ಕುಳಿತಾಗ ಹೇಳಿಕೊಳ್ಳುವುದು ಸುಲಭ. ಏಕತೆಯನ್ನು ಕಂಡ ಮಾತ್ರಕ್ಕೆ ಜ್ಞಾನೋದಯವಾಗಲಿಲ್ಲ ಎಂದು ಎಂಟನೇ ಶತಮಾನದಲ್ಲಿ ಚೀನಾದ ಝೆನ್ ಗುರು ಶಿತೌ ಎಚ್ಚರಿಸಿದ್ದರು; ಭೇದವೂ ಇದ್ದೇ ಇದೆ. ಹಾಗಿರುವಾಗ ಎರಡಲ್ಲದಿದ್ದರೂ ಅವನ ಖರ್ಚಿನ ಪಟ್ಟಿಯಲ್ಲಿ ಲೆಕ್ಕ ತಪ್ಪಿದೆ, ಅದನ್ನು ಹೇಳಲೇಬೇಕು. ಹೇಳುವಾಗ ನನ್ನ ಧ್ವನಿ ಏರಿತೆಂದರೆ, ಆ ಸಿಟ್ಟು ಅವನಿಂದ ಬಂದದ್ದೋ, ನನ್ನದೋ, ಅಥವಾ ಆ ಕೋಣೆಯಲ್ಲಿ ಸುಮ್ಮನೆ ಎದ್ದದ್ದೋ?